ಬಾಗಿಲಿಗೆ ಬೀಳದ ಆಮೆ

ಡಾರ್ವಿನ್ ಪಟ್ಟಣದಿಂದ ಬಲು ದೂರ, ನದಿ ದಡದ ನಮ್ಮ ಮೂಲನಿವಾಸಿಗಳ ಊರಿನಲ್ಲಿ ದೋಣಿಯ ಎಂಜಿನ್ ಕೆಟ್ಟರೆ ಏನು ಪಾಡು ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರ ದೋಣಿಗೆ ಕಾಯಬೇಕು, ಅವರು ಬೈದರೆ ಬೈಸಿಕೊಳ್ಳಬೇಕು. ನನ್ನ ದೊಡ್ಡಮ್ಮ ಮೇವಿಸ್‌ಗೆ ಎರಡೂ ಆಗದು, ಅವಳ ಎಂಜಿನ್ನೋ ಕೆಟ್ಟು ಕೂತಿತ್ತು. ಹಾಗಾಗಿ ಪಟ್ಟಣದ ವ್ಯಾಪಾರಿ ಟ್ರೆವರ್ ತನ್ನ ಗಾಡಿಯಲ್ಲಿ ಹೊಚ್ಚಹೊಸ ಎಂಜಿನ್ ಹಾಕಿಕೊಂಡು ಬಂದಾಗ ಅವಳ ಮುಖ ಊರಗಲವಾಯಿತು.

ಅವನು ಕೇಳಿದ್ದು ದೊಡ್ಡಮ್ಮ ಬಿಡಿಸಿದ ಉದ್ದ ಕತ್ತಿನ ಆಮೆಯ ಚಿತ್ರ. ನಮ್ಮ ಹೆಂಗಸರ ಶೆಡ್ಡಿನಲ್ಲಿ ಬಟ್ಟೆಯ ಮೇಲೆ ಕೈಯಲ್ಲೇ ಅಚ್ಚು ಹಾಕುತ್ತೇವಲ್ಲ, ಅದರಲ್ಲಿ ಈ ಆಮೆಗೇ ಬೇಡಿಕೆ ಜಾಸ್ತಿ. ಒಂದು ಸಹಿ ಹಾಕಿದರೆ ಎಂಜಿನ್ ಅವಳದು.

"ದೊಡ್ಡಮ್ಮ, ಓದಿಸ್ದೆ ಸಹಿ ಹಾಕ್ಬೇಡ," ಅಂದೆ. ಶೆಡ್ಡಿನ ಕಾಗದಪತ್ರ ನೋಡಿಕೊಳ್ಳುವವಳು ನಾನೇ.

"ನೀನು ಓದ್ಕೋ. ನಾನು ಮೀನು ಹಿಡೀತೀನಿ."

"ಯಾವ ವಸ್ತು ಮೇಲಾದ್ರೂ ಹಾಕ್ಬಹುದು, ಯಾವತ್ತಿಗೂ ಅವನದೇ ಅಂತ ಬರ್ದಿದಾನೆ. ಆಮೇಲೆ ನೀನೇ ಅಚ್ಚು ಹಾಕ್ಬೇಕಂದ್ರೂ ಅವನನ್ನ ಕೇಳ್ಬೇಕು."

"ಇನ್ನೊಂದು ಆಮೆ ಬರೀತೀನಿ ಬಿಡು ಕೋರಲ್. ಆಮೆಗೇನು ಬರ ಬಂದಿದ್ಯಾ?"

"ನೆಟ್ಟಿ ಅತ್ತೆನ ಕೇಳಿದ್ಯಾ?"

ದೊಡ್ಡಮ್ಮ ಮುಖ ತಿರುಗಿಸಿದಳು. ಆಮೆ ಅವಳ ಅಪ್ಪನ ಮನೆತನದ ಗುರುತು, ಬಿಡಿಸುವ ಹಕ್ಕು ಅವಳದೇ. ಆದರೆ ನಮ್ಮ ಪದ್ಧತಿಯಂತೆ ಅದರ ಕಾವಲು ಅವಳ ಸೋದರತ್ತೆಯ ಮಗಳು ನೆಟ್ಟಿಯದು. ನೆಟ್ಟಿ ಹೂಂ ಅನ್ನದೆ ಆಮೆ ಎಲ್ಲಿಗೂ ಹೋಗುವಂತಿಲ್ಲ. ಇಸ್ಪೀಟಾಟದಲ್ಲಿ ನೆಟ್ಟಿ ಎಲೆ ಕದ್ದು ನೋಡಿದಳು ಅಂತ ಇಬ್ಬರೂ ಮಾತು ಬಿಟ್ಟು ಎರಡು ತಿಂಗಳಾಗಿತ್ತು.

ಅಚ್ಚಿನ ಮೇಜಿಗೆ ಇಬ್ಬರು ಬೇಕು. ಈ ಬದಿಯವಳು ಬಣ್ಣವನ್ನು ರಬ್ಬರ್ ಪಟ್ಟಿಯಿಂದ ಅರ್ಧಕ್ಕೆ ಎಳೆದು ಕೊಟ್ಟರೆ, ಆ ಬದಿಯವಳು ಉಳಿದರ್ಧ ಎಳೆಯಬೇಕು. ಆ ಬದಿ ಮೊದಲಿಂದಲೂ ನೆಟ್ಟಿಯದು. ಈಗ ಅದು ನನ್ನ ತಲೆಗೆ ಬಂದಿತ್ತು. ನನ್ನ ಕೈಯಲ್ಲಿ ಆಮೆಗಳೆಲ್ಲ ಒಂದು ಪಕ್ಕ ಮಸುಕು.

"ಅಪ್ಪ ನಂಗೆ ಕೊಟ್ಟಿದ್ದು. ಆ ಕಳ್ಳೀನ ಕೇಳೋದೇನಿದೆ," ಅಂದಳು ದೊಡ್ಡಮ್ಮ.

ನಾನು ಸುಮ್ಮನಿರುವ ಪೈಕಿ ಅಲ್ಲ. ಎರಡು ಮನೆ ಆಚೆ ಓಡಿ ನೆಟ್ಟಿ ಅತ್ತೆಯನ್ನು ಕರೆತಂದೆ. ಕೈಯಲ್ಲಿ ಕೆಂಡದಲ್ಲಿ ಸುಟ್ಟ, ಅರ್ಧ ತಿಂದ ರೊಟ್ಟಿ, ಹಿಂದೆ ಮೂರು ನಾಯಿ. ದೊಡ್ಡಮ್ಮನ ಕಡೆ ನೋಡದೆ ಟ್ರೆವರ್ ಎದುರು ಕೂತಳು.

"ಏನಪ್ಪಾ, ಈ ಆಮೆನ ಯಾವುದ್ರ ಮೇಲೆ ಹಾಕ್ತೀಯ?"

ಟ್ರೆವರ್ ಖುಷಿಯಿಂದ ಫೋನ್ ತೆಗೆದು ತೋರಿಸಿದ. "ಚೀಲ, ಟವೆಲ್ಲು. ಇದು ನೋಡಿ, ಎಲ್ಲಕ್ಕಿಂತ ಜಾಸ್ತಿ ಹೋಗೋದು. ಬಾಗಿಲ ಮುಂದೆ ಹಾಕೋ ಮ್ಯಾಟು."

ನಮಗೆ ಆಮೆಯೂ ಆ ಮನೆತನದವರೂ ಬೇರೆಯಲ್ಲ. ದೊಡ್ಡಮ್ಮನ ಅಪ್ಪನೂ ಆಮೆಯೇ.

ನೆಟ್ಟಿ ಆಗ ತಿರುಗಿದಳು. "ಕೇಳಿಸ್ತೇನೇ ಮೇವಿಸ್? ನಮ್ಮ ಮಾವನ ಮೇಲೆ ಕಾಲು ಒರೆಸ್ತಾರಂತೆ."

ದೊಡ್ಡಮ್ಮ ಎಂಜಿನ್ ನೋಡಿದಳು, ಪೆನ್ನು ನೋಡಿದಳು. ಕಣ್ಣಲ್ಲಿ ನೀರಾಡಿತು. ಅವಳ ಆಸೆ ಸುಳ್ಳಲ್ಲವಲ್ಲ. ಆಮೇಲೆ ಪೆನ್ನನ್ನು ಟ್ರೆವರ್ ಕೈಗಿಟ್ಟಳು.

"ತಗೊಂಡ್ ಹೋಗಪ್ಪ. ನಮ್ಮಪ್ಪ ಯಾರ ಬಾಗಿಲಲ್ಲೂ ಬೀಳೋನಲ್ಲ."

ಬಟ್ಟೆಗೆ ಮಾತ್ರ, ಎರಡೇ ವರ್ಷಕ್ಕೆ, ದೊಡ್ಡಮ್ಮ, ನೆಟ್ಟಿ ಇಬ್ಬರ ಹೆಸರೂ ಹಾಕಿ, ಅಚ್ಚು ನಮ್ಮ ಶೆಡ್ಡಿನಲ್ಲೇ. ಹೀಗಾದರೆ ಮಾತಾಡೋಣ ಅಂತ ನಾನು ಟ್ರೆವರ್‌ಗೆ ಹೇಳಿದೆ. ಯೋಚನೆ ಮಾಡ್ತೀನಿ ಅಂತ ಹೋದವನು ಇನ್ನೂ ಯೋಚಿಸುತ್ತಲೇ ಇದ್ದಾನೆ. ಮಳೆಗಾಲ ಕಳೆದ ಮೇಲೆ ಪರದೆ ಹೊಲಿಯುವ ಒಬ್ಬಾಕೆ ಅದೇ ಷರತ್ತಿಗೆ ಒಪ್ಪಿಕೊಂಡಳು.

ಅವತ್ತು ನೆಟ್ಟಿ ಅತ್ತೆ ನನ್ನನ್ನು ಮೇಜಿನಿಂದ ಪಕ್ಕಕ್ಕೆ ತಳ್ಳಿದಳು. "ಸರ್ಕೊಳೇ. ಎಷ್ಟು ಆಮೆ ಕೆಡಿಸಿದೀಯ."

"ಎಲೆ ಕದ್ದು ನೋಡಿದ್ದು ನಿಜ ತಾನೆ?" ಅಂದಳು ದೊಡ್ಡಮ್ಮ.

"ನೋಡ್ದೆ. ಆದ್ರೂ ಸೋತೆ. ಈಗ ಎಳಿ."

ದೊಡ್ಡಮ್ಮ ಈಗ ನೆಟ್ಟಿಯ ದೋಣಿಯಲ್ಲೇ ಮೀನಿಗೆ ಹೋಗುತ್ತಾಳೆ. ಬೈಸಿಕೊಳ್ಳುವುದನ್ನು ಕಲಿತಿದ್ದಾಳೆ, ತಿರುಗಿ ಬೈಯುವುದನ್ನು ಮರೆತಿಲ್ಲ.

ಅಕ್ಕತಂಗಿಯರೇ, ನಾಳೆ ನಿಮ್ಮ ಮನೆಯ ಚಿತ್ರ ಕೇಳಿಕೊಂಡೂ ಒಬ್ಬ ಬಂದಾನು. ಕಾಗದ ಕೊಟ್ಟರೆ ಇಸಿದುಕೊಳ್ಳಿ, ಪೆನ್ನು ಕೊಟ್ಟರೆ ವಾಪಸ್ ಕೊಡಿ. ಕಾಗದವನ್ನು ನಮ್ಮ ಶೆಡ್ಡಿಗೆ ತನ್ನಿ, ಸಾಲು ಸಾಲು ಓದಿ ನಿಮ್ಮ ಮಾತಿನಲ್ಲೇ ಹೇಳುತ್ತೇವೆ. ಚಿತ್ರದ ಕಾವಲಿನವರನ್ನೂ ಕರೆತನ್ನಿ, ಮಾತು ಬಿಟ್ಟಿದ್ದರೂ ಸರಿಯೇ. ಸಹಿಗೆ ಮುಂಚೆ ನೆಟ್ಟಿ ಅತ್ತೆಯ ಪ್ರಶ್ನೆಯನ್ನು ಕೇಳಿಯೇ ಕೇಳಿ: ನಮ್ಮವರನ್ನ ಯಾವುದ್ರ ಮೇಲೆ ಹಾಕ್ತೀಯಪ್ಪ?