ಏಳನೇ ಪೆಟ್ಟಿಗೆಯ ಸಿಳ್ಳೆ

ಉತ್ತರ ಜರ್ಮನಿಯ ಆ ರಕ್ಷಿತ ಕಾಡಿನಲ್ಲಿ ಬಿದ್ದ ಮರವನ್ನು ಎತ್ತುವಂತಿಲ್ಲ, ಸತ್ತು ನಿಂತದ್ದನ್ನು ಕಡಿಯುವಂತಿಲ್ಲ. ಕಾಡು ತನ್ನ ಪಾಡಿಗೆ ಬದುಕಿ ಸಾಯುವುದನ್ನು ವರ್ಷಗಟ್ಟಲೆ ಗಮನಿಸುವುದಷ್ಟೇ ಬಸವೇಶ್ವರಿಯ ಕೆಲಸ. ಮರಗಳಿಗೆ ಕಟ್ಟಿದ ಪೆಟ್ಟಿಗೆಗಳು ಹಕ್ಕಿಗಳ ದನಿ ಹಿಡಿಯುತ್ತವೆ. ಅವಳು ಕಚೇರಿಯಲ್ಲಿ ಕೂತು ಕೇಳುತ್ತಾಳೆ. ಮನುಷ್ಯರ ದನಿ ಸಿಕ್ಕಿದರೆ ಅಳಿಸಬೇಕು. ಜರ್ಮನಿಯಲ್ಲವೇ, ಕಾಡಿನಲ್ಲಿ ಕೆಮ್ಮಿದರೂ ಅದಕ್ಕೊಂದು ಕಾನೂನು.

ಅವಳು ಅತಿ ಹೆಚ್ಚು ಅಳಿಸಿದ್ದು ಗಂಡ ರವಿಶಂಕರನ ಸಿಳ್ಳೆಯನ್ನೇ. ಬ್ಯಾಟರಿ ಬದಲಿಸಲು ಶನಿವಾರ ಅವನೂ ಜೊತೆಗೆ ಬರುತ್ತಿದ್ದ. ಅವಳು ಮರೆಯಾದರೆ ಸಾಕು, ಧಾರವಾಡದಲ್ಲಿ ಅವಳ ಹಾಸ್ಟೆಲಿನ ಕಿಟಕಿ ಕೆಳಗೆ ಊದುತ್ತಿದ್ದ ಅದೇ ಸಿಳ್ಳೆ: ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಮೇಲಕ್ಕೊಂದು ಎಳೆತ. "ಬಂದ್ನಿ, ನಿಂದರ್ರಿ" ಎಂದು ಅವಳು ಕೂಗುವವರೆಗೂ ಬಿಡುವವನಲ್ಲ. ಪೆಟ್ಟಿಗೆಯ ಹತ್ತಿರ ಊದಬೇಡಿ ಎಂದು ಬೈದದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ.

ನವೆಂಬರಿನಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ. ಫೋನಿನಲ್ಲಿ ಅವನ ಮಾತಿತ್ತು, ನಗುವಿತ್ತು. ಸಿಳ್ಳೆ ಮಾತ್ರ ಇರಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಗುವವರು ನಗಲಿ, ಅವಳಿಗೆ ಬೇಕಾದದ್ದು ಅದೊಂದೇ. ಅದನ್ನು ಅವಳೇ ಕೈಯಾರೆ ಅಳಿಸಿದ್ದಳು.

ಏಪ್ರಿಲಿನಲ್ಲಿ ಏಳನೇ ಪೆಟ್ಟಿಗೆಯ ಧ್ವನಿ ತೆರೆದಾಗ ಕಂಪ್ಯೂಟರು ಒಂದು ಕಡೆ ಕೆಂಪು ಗುರುತು ಹಾಕಿತು: ಮನುಷ್ಯ. ಒತ್ತಿ ಕೇಳಿದಳು. ಎರಡು ಗಿಡ್ಡ, ಒಂದು ಉದ್ದ, ಮೇಲಕ್ಕೆ ಎಳೆತ. ತಾರೀಖು ನೋಡಿದರೆ ಮೊನ್ನೆಯದು.

ಮರುದಿನ ಬೆಳಿಗ್ಗೆ ಒಬ್ಬಳೇ ಕಾಡಿಗೆ ಹೋದಳು. ಹೆದರಿಕೆಯಿತ್ತು, ಸಿಳ್ಳೆ ಕೇಳಿಸದೆ ಹೋದೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಏಳನೇ ಪೆಟ್ಟಿಗೆಯ ಪಕ್ಕದಲ್ಲೇ ಸತ್ತು ನಿಂತ ಬೀಚ್ ಮರ. ಅದರ ಪೊಟರೆಯ ಬಾಯಿಂದ ಸಿಳ್ಳೆ ಬಂತು. ಊದಿದ್ದು ನಮ್ಮ ಗೊರವಂಕದ ದಾಯಾದಿ, ಮೈತುಂಬ ಚುಕ್ಕೆಯ ಹಕ್ಕಿ. ಕೇಳಿದ್ದನ್ನೆಲ್ಲ ಅಣಕಿಸುವ ಜಾತಿ. ರವಿಶಂಕರನಿಂದ ಕಲಿತದ್ದನ್ನು ಅದು ಮರೆತಿರಲಿಲ್ಲ. ಬಸವೇಶ್ವರಿಗೆ ಇದೆಲ್ಲ ಗೊತ್ತು, ಓದಿದ್ದೇ ಇದನ್ನು. ಆದರೂ ಅಲ್ಲಿಂದ ಕದಲಲಿಲ್ಲ. ಹಕ್ಕಿ ತಲೆ ವಾರೆ ಮಾಡಿ, ಉತ್ತರಕ್ಕೆ ಕಾದಂತೆ ಕಾದು, ಮತ್ತೆ ಊದಿತು.

"ಬಂದ್ನಿ," ಎಂದಳು. "ನಿಂದರ್ರಿ."

ಹಕ್ಕಿ ಸುಮ್ಮನಾಯಿತು.

ಕಚೇರಿಯಲ್ಲಿ ಆ ಬೆಳಗಿನ ಧ್ವನಿ ತೆರೆದು, ಸಿಳ್ಳೆಯ ಮೇಲಿನ ಕೆಂಪು ಗುರುತು ತೆಗೆದು, ಹಕ್ಕಿ ಎಂದು ತಿದ್ದಿದಳು. ಇನ್ನು ಅದನ್ನು ಯಾರೂ ಅಳಿಸುವಂತಿಲ್ಲ. ಅದರ ಬೆನ್ನಿಗೇ ಒಬ್ಬ ಹೆಂಗಸಿನ ದನಿಯಿತ್ತು. ನಿಯಮದಂತೆ ಅದನ್ನು ಅಳಿಸಿದಳು.