ಎರಡು ತಲೆ, ಒಂದೇ ನೇಯ್ಗೆ

ವೈದ್ಯೆ ಪರದೆಯನ್ನು ಇತ್ತ ತಿರುಗಿಸಿದಾಗ ಸಿದೋರಾ ತನ್ನ ಕುರ್ಚಿಯನ್ನು ತಂಗಿ ಅನ್ನಿಕಾಳ ಹಿಂದಕ್ಕೆ ಸರಿಸಿಕೊಂಡಳು. ಹೆತ್ತವಳು ಮುಂದೆ ಕೂರುವುದು ನ್ಯಾಯ. ಪರದೆಯ ಮೇಲೆ, ಪಕ್ಕದ ಬೆಂಚಿನಲ್ಲಿ ಕೂತಿದ್ದ ಅನ್ನಿಕಾಳ ಅವಳಿ ಹುಡುಗಿಯರಾದ ಮತ್ತೇಯಾ, ಗೊನಾರಿಯಾರ ಮಿದುಳಿನ ಎಳೆಗಳು ಬಣ್ಣಬಣ್ಣವಾಗಿ ಹರಡಿದ್ದವು. ಒಂಬತ್ತನೆಯ ವಯಸ್ಸಿನಲ್ಲಿ ತೆಗೆದ ಚಿತ್ರದ ಪಕ್ಕದಲ್ಲೇ ಹದಿನಾಲ್ಕರ ಈ ಚಿತ್ರ. ದೂರದೂರದ ಭಾಗಗಳನ್ನು ಬೆಸೆಯುವ ಎಳೆಗಳು ಈಗ ಬಲಿಯುತ್ತಿವೆ, ಬಳಸದ ಕೆಲವು ಕಳಚಿಕೊಳ್ಳುತ್ತಿವೆ, ಸಿಟ್ಟಿಗೆ ಲಗಾಮು ಹಾಕುವಂಥವು ಮಾತ್ರ ಎಲ್ಲಕ್ಕಿಂತ ತಡವಾಗಿ ಗಟ್ಟಿಯಾಗುತ್ತವೆ ಎಂದು ವೈದ್ಯೆ ವಿವರಿಸಿದಳು.

"ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ನೇಯ್ಗೆ. ರಕ್ತದಿಂದ ಬಂದಿದ್ದೇ ಜಾಸ್ತಿ ಇರಬಹುದು."

ಎಷ್ಟೆಂದು ಒಂದು ಜೋಡಿಯನ್ನು ನೋಡಿ ಹೇಳಲಾಗದು, ಅದಕ್ಕೇ ಸಾರ್ಡೀನಿಯಾ ದ್ವೀಪದ ಊರೂರುಗಳಿಂದ ಅವಳಿಗಳನ್ನು ಕರೆಸುತ್ತಿರುವುದು ಎಂದೂ ಸೇರಿಸಿದಳು. ಸಿದೋರಾಳ ಕಿವಿಗೆ ಬಿದ್ದದ್ದು ಮೊದಲಿನ ಮಾತಷ್ಟೇ.

ಮಕ್ಕಳಿಲ್ಲದ ಸಿದೋರಾಗೆ ಮತ್ತೇಯಾ ಊರವರು ಹೇಳುವ 'ಆತ್ಮದ ಮಗಳು', ಹೆರದೆ ಸಾಕಿದವಳು. ಹುಡುಗಿ ನಡೆಯಲು ಕಲಿತ ಮೇಲೆ ಅನ್ನಿಕಾ ತಾನಾಗಿಯೇ ಒಪ್ಪಿಸಿದ್ದಳು. ಊರ ಪದ್ಧತಿಯೇ ಹಾಗೆ: ಮಗು ಎರಡು ಮನೆಗೂ ಸೇರಿದ್ದು, ಬೆಳೆದ ಮೇಲೆ ಹೆತ್ತವರಲ್ಲಿಗೆ ಹೋಗುತ್ತೇನೆಂದರೆ ತಡೆಯುವವರಿಲ್ಲ. ಈ ವರ್ಷ ಮತ್ತೇಯಾ ಮಾತುಮಾತಿಗೂ ಸಿಡುಕುತ್ತಿದ್ದಳು. ಮೊನ್ನೆ ಹಾಲು ಕಾಯಿಸುವ ಹೊತ್ತಿನಲ್ಲಿ "ನೀನೇನು ನನ್ನ ಹೆತ್ತಿದೀಯಾ?" ಅಂದೂಬಿಟ್ಟಿದ್ದಳು.

ಬಸ್ಸಿನಲ್ಲಿ ಅನ್ನಿಕಾ ಅಕ್ಕನ ಮೊಣಕೈ ತಿವಿದಳು. "ರಕ್ತದಿಂದ ಬಂದಿದ್ದಂತೆ. ನಮ್ಮ ಗೊನಾರಿಯಾ ತಟ್ಟೆ ಎಸೆದು ಒಡೆದ್ಲಲ್ಲ, ಅದು ಅವರಪ್ಪನ ಕಡೇದು ಬಿಡು." ಸಿದೋರಾಳ ತಲೆಯಲ್ಲಿ 'ಒಂದೇ ನೇಯ್ಗೆ' ಎಂಬ ಮಾತೇ ಸುತ್ತುತ್ತಿತ್ತು.

ಊರು ತಲುಪಿದಾಗ ಹುಡುಗಿಯರಿಬ್ಬರೂ ಅನ್ನಿಕಾಳ ಮನೆಗೆ ಹೋದರು. ಸಿದೋರಾ ಒಬ್ಬಳೇ ಮನೆಗೆ ಬಂದು ಮತ್ತೇಯಾಳ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಬುಟ್ಟಿಗೆ ತುಂಬಿದಳು. ಹೆತ್ತವರಲ್ಲಿಗೆ ಹೋಗುತ್ತೇನೆಂದು ಬಾಯಿಬಿಟ್ಟು ಹೇಳುವ ಕಷ್ಟ ಹುಡುಗಿಗೆ ಬೇಡವೆಂದು ಬುಟ್ಟಿಯನ್ನು ಬಾಗಿಲ ಬಳಿಯೇ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಬಂದ ಮತ್ತೇಯಾ ಬುಟ್ಟಿಯನ್ನು ಎಡವಿದಳು.

"ಇದೇನು, ನನ್ನ ಹೊರಗೆ ಹಾಕ್ತಿದೀಯಾ?"

"ನೀನು ಅವರ ನೇಯ್ಗೆ ಕಣೇ. ಡಾಕ್ಟ್ರಮ್ಮ ಹೇಳಿದ್ದು ಕೇಳಿಸ್ಲಿಲ್ವಾ?"

ಹುಡುಗಿಯ ಮುಖ ಕೆಂಪಾಯಿತು. ಬುಟ್ಟಿಯನ್ನು ಒದೆಯಲು ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು.

"ಅಲ್ಲಿ ಗೊನಾರಿಯಾ ಪಕ್ಕ ಮಲಗ್ಬೇಕು. ಕತ್ತೆ ಥರ ಒದೀತಾಳೆ ಅವಳು," ಅಂದಳು. ಆಮೇಲೆ ಬುಟ್ಟಿಯನ್ನು ಕಾಲಲ್ಲೇ ತನ್ನ ಕೋಣೆಯತ್ತ ತಳ್ಳುತ್ತ, "ಹಸಿವಾಗ್ತಿದೆ ದೊಡ್ಡವ್ವ," ಅಂದಳು.

ಕೋಣೆಯೊಳಗೆ ಅವಳ ಬಟ್ಟೆ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಸಿದೋರಾ ಗಟ್ಟಿಯಾದ ತೆಳು ರೊಟ್ಟಿಗಳನ್ನು ನೀರಿನಲ್ಲಿ ಅದ್ದಿ ತೆಗೆದು, ಬಿಳಿ ಬಟ್ಟೆಯ ಮೇಲೆ ಹರಡಿ, ಮೆತ್ತಗಾಗಲೆಂದು ಕಾಯುತ್ತ ನಿಂತಳು.