ಮೇಷ್ಟ್ರ ಸಂಬೋಧನೆ

ಅಪ್ಪನಿಗೆ ಭಯವಾದರೆ ಪಾಠ ಶುರುವಾಗುತ್ತದೆ. ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಅಮ್ಮನನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದ ಗಳಿಗೆಯಿಂದ ಒಂದೇ ಸಮನೆ ನನ್ನ ತಲೆ ಕೊರೆಯುತ್ತಿದ್ದರು.

"ವೊಕಾಟಿವ್ ಅಂದ್ರೆ ನಮ್ಮ ಸಂಬೋಧನಾ ವಿಭಕ್ತಿ ಕಣೇ. ವೊಕಾರೆ ಅಂದ್ರೆ ಕರೆಯೋದು, ಅದರಿಂದ ಬಂದಿದ್ದು. ಗ್ರೀಕರೂ ಅದಕ್ಕೆ ಕರೆಯೋದು ಅಂತಲೇ ಹೆಸರಿಟ್ಟಿದ್ರು, ರೋಮಿನವರು ತಮ್ಮ ಮಾತಿಗೆ ತಂದ್ಕೊಂಡ್ರು ಅಷ್ಟೆ. ವಾಕ್ಯದಲ್ಲಿ ಅದಕ್ಕೆ ಬೇರೆ ಕೆಲಸ ಇಲ್ಲ. ಕರೆದ್ರೆ ಮುಗೀತು."

"ಅಪ್ಪಾ, ಸ್ವಲ್ಪ ಸುಮ್ನಿರ್ತೀರಾ?" ಎಂದು ರೇಗಿದೆ. ಪಿತ್ತಕೋಶದ ಕಲ್ಲಿನ ಆಪರೇಷನ್, ಊಟದ ಹೊತ್ತಿಗೆಲ್ಲ ಅಮ್ಮ ಮಾತಾಡುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಊಟದ ಹೊತ್ತು ಕಳೆಯಿತು. ಕಾರಿಡಾರಿನ ನೆಲವನ್ನು ಮತ್ತೊಮ್ಮೆ ಒರೆಸಿ ಹೋದರು.

ಕೊನೆಗೂ ನರ್ಸ್ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದಳು.

"ಆಪರೇಷನ್ ಚೆನ್ನಾಗೇ ಆಗಿದೆ. ಆದ್ರೆ ಇಷ್ಟೊತ್ತಿಗೆ ಎಚ್ಚರ ಆಗ್ಬೇಕಿತ್ತು. ನಾವು ಕೂಗಿದ್ರೆ ಕಣ್ಣು ಬಿಡ್ತಿಲ್ಲ. ನೀವು ಮನೆಯವರು, ಹೆಸರು ಹಿಡಿದು ಕರೆದು ನೋಡಿ. ಏಳ್ಲಿಲ್ಲ ಅಂದ್ರೆ ತಲೆ ಸ್ಕ್ಯಾನ್ ಮಾಡ್ಬೇಕು ಅಂದಿದಾರೆ ಡಾಕ್ಟ್ರು."

ನಾನು "ಅಮ್ಮಾ" ಎಂದೆ, ಕೆನ್ನೆ ತಟ್ಟಿದೆ. ಮುಖ ಅಲುಗಲಿಲ್ಲ. ಹಸಿರು ಹೊದಿಕೆಯ ಕೆಳಗೆ ಎದೆ ಏರಿಳಿಯುತ್ತಿತ್ತು, ಇದ್ದದ್ದು ಅದೊಂದೇ ಧೈರ್ಯ.

ಅಪ್ಪ ಗರ ಬಡಿದವರಂತೆ ನಿಂತಿದ್ದರು. ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಅಮ್ಮನ ಹೆಸರು ಕೇಳಿಲ್ಲ. ಮನೆಯಲ್ಲಿ ಅವಳು "ಇವಳೇ", ಹೊರಗೆ "ನಮ್ಮನೆಯವಳು". ಎಂದೋ ಸತ್ತ ರೋಮಿನ ಸೇನಾಪತಿಗಳನ್ನೆಲ್ಲ ತರಗತಿಯಲ್ಲಿ ಹೆಸರು ಹಿಡಿದು ಕೂಗಿದ ಮನುಷ್ಯ! ನನಗೆ ಅಳುವಿನ ಜೊತೆ ಸಿಟ್ಟೂ ಬಂತು.

"ಕರೀರಿ ಅಪ್ಪಾ!"

ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದರು. ಹಾಜರಿ ಕೂಗಿದ ಹಾಗಿತ್ತು. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಅಮ್ಮ ಮಿಸುಕಲಿಲ್ಲ. ನರ್ಸ್ ಫೋನಿನ ಕಡೆ ನಡೆದಳು. ಸ್ಕ್ಯಾನಿಗೆ ಹೇಳುವುದಕ್ಕೇ ಎಂದು ನನಗೆ ತಿಳಿಯಿತು.

ಅಪ್ಪ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈಗ ಬಂದದ್ದು ಮನೆಯ ಸ್ವರ, ಹಜಾರದಿಂದ ಅಡುಗೆಮನೆಗೆ ಮುಟ್ಟುವಂಥದ್ದು, ಅರ್ಧ ಗದರಿಕೆ. ಆದರೆ ನಡುಗುತ್ತಿತ್ತು.

"ಇವಳೇ! ಎಲ್ಲಿದೀಯೇ? ಎಷ್ಟು ಸಲ ಕೂಗ್ಬೇಕು ನಿನ್ನ?"

ಅಮ್ಮನ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿಯೇ ಇತ್ತು. ಒಣಗಿದ ತುಟಿ ನಿಧಾನಕ್ಕೆ ಬಿಚ್ಚಿತು.

"ಬಂದೆ ಇರಿ... ಪ್ರಾಣ ತೆಗೀಬೇಡಿ."